ಮುದಿ ನಾಯಿಗೆ ನಾಯಿಪಾಡು ಬೇಡ

ತೋಟವೆಂದ ಮೇಲೆ ಬೇಲಿ ಎಷ್ಟು ಮುಖ್ಯವೋ ನಾಯಿಯೂ ಅಷ್ಟೇ ಮುಖ್ಯ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳಲ್ಲಿ ಎರಡೆಕರೆ ಮೂರೆಕರೆ ಅಡಿಕೆ ಮಾಡಿ, ಸಾಲುಗಳ ನಡುವೆ ಒಂದಿಷ್ಟು ಕಾಫಿ ಗಿಡವನ್ನೂ ಇಟ್ಟುಕೊಂಡಿರುವ ನಮ್ಮ ಸದಸ್ಯರಲ್ಲಿ ನಾಯಿ ಸಾಕದವರನ್ನು ಹುಡುಕಿ ತೆಗೆಯುವುದು ಕಷ್ಟ. ಕಣದಲ್ಲಿ ಹರಡಿದ ಅಡಿಕೆಗೆ, ಬೋರ್‌ವೆಲ್ಲಿನ ಕೇಬಲ್ಲಿಗೆ, ಕೊಟ್ಟಿಗೆಯ ಕರುವಿಗೆ ಅದೇ ಕಾವಲು. ಸಂಬಳ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಅರ್ಧ ಮುದ್ದೆ ಮತ್ತು ಒಂದು ಸೌಟು ಸಾರಿನಲ್ಲಿ ತೃಪ್ತಿ.

ಹೀಗೆ ಹತ್ತು ಹನ್ನೆರಡು ವರ್ಷ ತೋಟ ಕಾದ ನಾಯಿಗೆ ಮುಪ್ಪು ಬಂದಾಗ ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಬೋರ್ಡೋ ದ್ರಾವಣ ತಯಾರಿಸುವ ಬಗೆ, ಸುಲಿತದ ಕೂಲಿ, ಹನಿ ನೀರಾವರಿ ಎಲ್ಲದರ ಬಗ್ಗೆಯೂ ಸಭೆಗಳಲ್ಲಿ ಮಾತಾಗುತ್ತದೆ. ಆದರೆ ಗೊಬ್ಬರ ಒಯ್ಯಲು ಕಚೇರಿಗೆ ಬಂದ ಸದಸ್ಯರು ರಸೀತಿ ಜೇಬಿಗಿಟ್ಟುಕೊಂಡ ಮೇಲೆ, ದನಿ ತಗ್ಗಿಸಿ, 'ನಮ್ಮ ನಾಯಿ ಏಳೋಕೇ ಆಗ್ತಿಲ್ಲ ಸಾರ್, ಏನು ಮಾಡೋದು?' ಎಂದು ಕೇಳುತ್ತಾರೆ. ನಾಯಿಯ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಂಡರೆ ನಾಲ್ಕು ಜನ ನಕ್ಕಾರು ಎಂಬ ಸಂಕೋಚ ಅವರಿಗೆ. ನಗುವಂಥದ್ದು ಇದರಲ್ಲಿ ಏನೂ ಇಲ್ಲವೆಂದು ನಾವು ತಿಳಿದಿದ್ದೇವೆ.

ಬದುಕು ಹಾಳಾದುದನ್ನು ಹೇಳಲು ಕನ್ನಡದಲ್ಲಿ 'ನಾಯಿಪಾಡು' ಎಂಬ ಮಾತಿದೆ. ಬೀದಿಯ ಮುದಿ ನಾಯಿಯ ಸ್ಥಿತಿಯನ್ನು ಕಂಡವರೇ ಈ ಮಾತನ್ನು ಹುಟ್ಟಿಸಿರಬೇಕು. ನಮ್ಮ ತೋಟದ ನಾಯಿಗೆ ಆ ಪಾಡು ಬಾರದಂತೆ ನೋಡುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ಬಹಳ ಹಣವಲ್ಲ. ಕಣ್ಣಿಟ್ಟು ನೋಡುವ ಅಭ್ಯಾಸ ಮತ್ತು ಕಂಡದ್ದನ್ನು ಬರೆದಿಡುವ ಅಭ್ಯಾಸ, ಇವೆರಡು ಸಾಕು.

ಮೂರು ದಾರಿ, ಮೂರೂ ಸರಿಯಲ್ಲ

ಮುದಿ ನಾಯಿಯ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ನಡವಳಿಕೆ ಕಾಣುತ್ತೇವೆ. ಮೊದಲನೆಯದು, ಸಂತೆ ಬಯಲಿಗೋ ಹೆದ್ದಾರಿಯ ಢಾಬಾ ಬಳಿಗೋ ಒಯ್ದು ಬಿಟ್ಟು ಬರುವುದು. ಎಲ್ಲೋ ಬದುಕಿಕೊಳ್ಳುತ್ತದೆ ಎಂಬ ಸಮಾಧಾನ ಹೇಳಿಕೊಳ್ಳುತ್ತೇವೆ. ಹಲ್ಲು ಸವೆದ, ಕಾಲು ಎಳೆಯುವ ನಾಯಿ ಹೊಸ ಜಾಗದಲ್ಲಿ ಅಲ್ಲಿನ ನಾಯಿಗಳ ಹಿಂಡಿನ ನಡುವೆ ಬದುಕಿಕೊಳ್ಳುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧವೂ ಹೌದು.

ಎರಡನೆಯದು, 'ತಾನಾಗಿ ಹೋಗಲಿ' ಎಂದು ಮೂಲೆಯಲ್ಲಿ ಕಟ್ಟಿಹಾಕಿ ಸುಮ್ಮನಿರುವುದು. ತಾನಾಗಿ ಹೋಗಲು ಅದಕ್ಕೆ ವಾರಗಳೇ ಹಿಡಿಯಬಹುದು. ಆ ವಾರಗಳಲ್ಲಿ ಗಾಯಕ್ಕೆ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಶಿವಗಂಗೆಯ ಸುತ್ತಿನ ಹಳ್ಳಿಗಳಲ್ಲಿ, ದೊಡ್ಡಬಳ್ಳಾಪುರದ ಬೆಟ್ಟದ ಸೆರಗಿನಲ್ಲಿ ಚಿರತೆಯ ಓಡಾಟವೂ ಉಂಟು. ರಾತ್ರಿ ಹೊರಗೆ ಸರಪಳಿಯಲ್ಲಿರುವ ನಡೆಯಲಾರದ ನಾಯಿಯೇ ಅದರ ಮೊದಲ ತುತ್ತು.

ಮೂರನೆಯದು, ನೋಡಲಾರದೆ ಆತುರಪಟ್ಟು ಮುಗಿಸಿಬಿಡುವುದು. ವಾಸಿಯಾಗುವ ಕಾಯಿಲೆಯನ್ನೂ ಮುಪ್ಪೆಂದು ತಿಳಿದು ಬದುಕಬಹುದಾದ ನಾಯಿಯನ್ನು ಕಳೆದುಕೊಂಡವರಿದ್ದಾರೆ.

ಮೂರರಲ್ಲೂ ಇರುವ ದೋಷ ಒಂದೇ. ಒಂದರಲ್ಲಿ ನಮ್ಮ ಅನುಕೂಲ, ಇನ್ನೊಂದರಲ್ಲಿ ನಮ್ಮ ಅಂಜಿಕೆ, ಮತ್ತೊಂದರಲ್ಲಿ ನಮ್ಮ ಸಂಕಟ ತೀರ್ಮಾನ ಮಾಡುತ್ತದೆ. ನಾಯಿಯ ದಿನ ಹೇಗೆ ಕಳೆಯುತ್ತಿದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಮೊದಲು ವೈದ್ಯರು, ಆಮೇಲೆ ಲೆಕ್ಕ

ಮುಪ್ಪೇ ಒಂದು ರೋಗವಲ್ಲ. ನಾಟಿ ನಾಯಿಗಳು ಒಳ್ಳೆಯ ಆರೈಕೆಯಲ್ಲಿ ಹನ್ನೆರಡು ಹದಿಮೂರು ವರ್ಷ ಬದುಕುವುದುಂಟು. ಭಾರಿ ಗಾತ್ರದ ಪೇಟೆ ತಳಿಗಳು ಏಳೆಂಟಕ್ಕೇ ಮುದಿಯಾಗುತ್ತವೆ. ಕಣ್ಣಿಗೆ ಪೊರೆ ಬರುವುದು, ಕಿವಿ ಮಂದವಾಗುವುದು, ಮೂತಿ ನರೆಯುವುದು, ಹೆಚ್ಚು ನಿದ್ದೆ ಮಾಡುವುದು ವಯಸ್ಸಿನ ಗುಣ. ಕುರುಡಾದ ನಾಯಿ ಬಳಕೆಯ ತೋಟದಲ್ಲಿ ಮೂಗಿನ ಬಲದಿಂದಲೇ ವರ್ಷಗಟ್ಟಲೆ ಸುಖವಾಗಿರಬಲ್ಲದು. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಕ್ಕೆ ಬಿದ್ದರೆ ಜಾರುವ ಅಂಚನ್ನು ಹತ್ತಿ ಬರಲಾರದು. ಹೊಂಡಕ್ಕೂ ತೆರೆದ ಬಾವಿಗೂ ತಡೆ ಕಟ್ಟುವುದು ಮೊದಲ ಕೆಲಸ.

ಮುಪ್ಪಿನ ವೇಷದಲ್ಲಿ ಬರುವ, ಆದರೆ ಚಿಕಿತ್ಸೆಗೆ ಬಗ್ಗುವ ಕಾಯಿಲೆಗಳು ಹಲವು. ಉಣ್ಣೆಯಿಂದ ಹರಡುವ ಜ್ವರದಲ್ಲಿ ನಾಯಿ ಮಂಕಾಗಿ ಊಟ ಬಿಡುತ್ತದೆ, ಒಸಡು ಬಿಳಚುತ್ತದೆ, ಮೂಗಿನಲ್ಲಿ ರಕ್ತ ಬರುವುದೂ ಉಂಟು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಬೇಗ ಹಿಡಿದರೆ ಔಷಧಿ ಇದೆ. ಹಲ್ಲು ಕೊಳೆತಿದ್ದರೆ ಹಸಿವಿದ್ದೂ ಅಗಿಯಲಾರದು. ವಯಸ್ಸಾದ ಹೆಣ್ಣು ನಾಯಿ ಬೆದೆಗೆ ಬಂದು ಕೆಲವು ವಾರಗಳ ಮೇಲೆ ವಿಪರೀತ ನೀರು ಕುಡಿಯುತ್ತ ಹೊಟ್ಟೆ ಉಬ್ಬಿಸಿಕೊಂಡರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ತುರ್ತಿನ ವಿಷಯ, ಶಸ್ತ್ರಚಿಕಿತ್ಸೆಯೇ ಉಪಾಯ. ಜನನಾಂಗದ ಬಳಿ ಹೂಕೋಸಿನಂತೆ ಬೆಳೆದು ರಕ್ತ ಒಸರುವ ಗೆಡ್ಡೆಯನ್ನು ಕಂಡು ಎಷ್ಟೋ ಜನ ಆಸೆ ಬಿಡುತ್ತಾರೆ. ಕೂಡಿದಾಗ ಹರಡುವ ಈ ಗೆಡ್ಡೆ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದಿಗೆ, ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ, ಬಹುತೇಕ ಕರಗಿಹೋಗುತ್ತದೆ.

ಒಂದು ಎಚ್ಚರಿಕೆ. ಚೆನ್ನಾಗಿದ್ದ ನಾಯಿ ಎರಡು ಮೂರು ದಿನಗಳಲ್ಲೇ ಕಾಲು ಸೋತು, ದವಡೆ ಜೋತು, ಜೊಲ್ಲು ಸುರಿಸುತ್ತ, ಬೊಗಳುವ ದನಿ ಬದಲಾದರೆ ಅದನ್ನು ಮುಪ್ಪೆಂದು ತಿಳಿಯಬೇಡಿ. ಹುಚ್ಚುನಾಯಿ ರೋಗದ ಒಂದು ಬಗೆ ಹೀಗೆಯೇ, ಕಚ್ಚಾಟವಿಲ್ಲದೆ ಬರುತ್ತದೆ. ಗಂಟಲಿಗೆ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬಾರದು. ಬೇರೆ ಕೂಡಿಹಾಕಿ ವೈದ್ಯರಿಗೆ ತಿಳಿಸಬೇಕು. ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ನಾಯಿಗೆ ವಯಸ್ಸಾಯಿತೆಂದು ವರ್ಷದ ಲಸಿಕೆಯನ್ನು ನಿಲ್ಲಿಸುವುದೂ ತಪ್ಪು.

ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯಲ್ಲಿ ಆಗದ ಪರೀಕ್ಷೆಗಳಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1958ರಲ್ಲಿ ಆರಂಭವಾದ ಈ ಕಾಲೇಜು ದೇವನಹಳ್ಳಿಯಿಂದ ಬರುವ ಹೆದ್ದಾರಿಯ ಮೇಲೆಯೇ ಇರುವುದು ನಮ್ಮ ಜಿಲ್ಲೆಯವರಿಗೆ ಅನುಕೂಲ.

ಮನೆಮದ್ದಿನ ಬಗ್ಗೆ ಎರಡು ಮಾತು

ನಾಯಿ ಕುಂಟುತ್ತದೆಯೆಂದು ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಮುದ್ದೆಯಲ್ಲಿಟ್ಟು ನುಂಗಿಸುವ ಅಭ್ಯಾಸ ವ್ಯಾಪಕವಾಗಿದೆ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ನಾಯಿಯ ಹೊಟ್ಟೆ ಹುಣ್ಣಾಗಿಸಿ, ಪಿತ್ತಜನಕಾಂಗವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲವು. ನಾಯಿಗೆಂದೇ ಇರುವ ನೋವಿನ ಔಷಧಿಯನ್ನು ವೈದ್ಯರು ತೂಕ ನೋಡಿ ಕೊಡುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಚಪ್ಪರದ ದ್ರಾಕ್ಷಿ ಇರುವವರು ನಾಯಿ ಅದನ್ನು ತಿನ್ನದಂತೆ ನೋಡಬೇಕು, ಅದರಿಂದ ಮೂತ್ರಪಿಂಡ ಕೆಡುತ್ತದೆ. ಕಾಫಿ ಬೀಜವೂ ಅದಕ್ಕೆ ವಿಷವೇ.

ಅಡಿಕೆ ಬೆಳೆಗಾರರಿಗೆ ಇನ್ನೊಂದು ಸಂಗತಿ ಹೇಳಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿ ಬಳಸುತ್ತಿದ್ದುದು ನಿಜ. ಆದರೆ ಅದು ವಿಪರೀತ ಭೇದಿ ಮಾಡಿಸುವ, ಹೃದಯದ ಬಡಿತ ಇಳಿಸುವ ವಸ್ತು. ಅಡಿಕೆ ಅರೆದು ಮುದಿ ನಾಯಿಗೆ ತಿನ್ನಿಸುವ ಹಳೆಯ ಪದ್ಧತಿಯನ್ನು ಬಿಡಬೇಕು. ಈಗ ಅದಕ್ಕಿಂತ ಸುರಕ್ಷಿತವಾದ ಜಂತುಹುಳುವಿನ ಮಾತ್ರೆಗಳು ಪಶು ಆಸ್ಪತ್ರೆಯ ಎದುರಿನ ಅಂಗಡಿಯಲ್ಲೇ ಸಿಗುತ್ತವೆ.

ನಾಯಿ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ

'ಕೂಗುತ್ತಿಲ್ಲವಲ್ಲ, ನೋವಿಲ್ಲ ಬಿಡಿ' ಎನ್ನುವ ಮಾತನ್ನು ಬಹಳ ಸಲ ಕೇಳಿದ್ದೇವೆ. ಇದು ಸರಿಯಲ್ಲ. ನಾಯಿ ಹಳೆಯ ನೋವನ್ನು ಅಡಗಿಸಿಕೊಳ್ಳುವ ಪ್ರಾಣಿ. ದಿನಗಟ್ಟಲೆ ಇರುವ ನೋವಿಗೆ ಅದು ಕೂಗುವುದು ಕಡಿಮೆ. ಅದರ ಬದಲು ಹೀಗೆ ಮಾಡುತ್ತದೆ: ನೆರಳಿನಲ್ಲಿ ಸುಮ್ಮನೆ ಮಲಗಿದ್ದರೂ ಏದುಸಿರು ಬಿಡುತ್ತದೆ, ರಾತ್ರಿ ಒಂದು ಕಡೆ ನೆಲೆ ನಿಲ್ಲದೆ ಎದ್ದು ಮಲಗಿ ಮಾಡುತ್ತದೆ, ಒಂದೇ ಜಾಗವನ್ನು ನೆಕ್ಕುತ್ತಿರುತ್ತದೆ, ಮಕ್ಕಳು ಮುಟ್ಟಿದರೂ ಗುರ್ ಎನ್ನುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ಜನರಿಂದ ದೂರ ಹೋಗಿ ಅಡಿಕೆ ಸೋಗೆಯ ರಾಶಿಯ ಹಿಂದೆ ಮಲಗುತ್ತದೆ.

ಉಸಿರನ್ನು ಎಣಿಸುವುದು ಸುಲಭ. ಗಾಢ ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ನೋಡಿ. 30ಕ್ಕಿಂತ ಕಡಿಮೆ ಇರಬೇಕು. ದಿನವೂ ಅದಕ್ಕಿಂತ ಹೆಚ್ಚಿದ್ದರೆ ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದೆಯೆಂದು ಅನುಮಾನಿಸಬೇಕು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ನೀರನ್ನು ಅಳತೆಯ ಪಾತ್ರೆಯಲ್ಲಿ ಇಡಿ. ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ನಾಯಿಗೆ ಬೇಕು. 15 ಕೆ.ಜಿ. ನಾಯಿ ದಿನಕ್ಕೆ ಒಂದೂವರೆ ಲೀಟರಿಗೂ ಮೀರಿ ಕುಡಿಯುತ್ತಿದ್ದರೆ ಮೂತ್ರಪಿಂಡದ ಅಥವಾ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಬೇಕು.

ಏಳು ಬಾಬತ್ತಿನ ಲೆಕ್ಕ

ವಾಸಿಯಾಗುವುದನ್ನು ವಾಸಿ ಮಾಡಿಸಿದ ಮೇಲೂ ನಾಯಿ ಸೊರಗುತ್ತಿದ್ದರೆ ಆಗ ಲೆಕ್ಕ ಬರೆಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಕುಪ್ರಾಣಿಗಳ ಕ್ಯಾನ್ಸರ್ ಚಿಕಿತ್ಸೆ ಮಾಡುವ ಪಶುವೈದ್ಯೆ ಡಾ. ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಏಳು ಬಾಬತ್ತು, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಹತ್ತು ಎಂದರೆ ಬಹಳ ಚೆನ್ನಾಗಿದೆ, ಸೊನ್ನೆ ಎಂದರೆ ತೀರಾ ಕೆಟ್ಟಿದೆ. ಅದನ್ನು ನಮ್ಮ ತೋಟಗಳಿಗೆ ಹೊಂದುವಂತೆ ಹೀಗೆ ಹೇಳಬಹುದು.

1. ನೋವು ಮತ್ತು ಉಸಿರು. ಔಷಧಿ ಕೊಟ್ಟ ಮೇಲೆ ನೋವು ಹಿಡಿತದಲ್ಲಿದೆಯೆ? ಆರಾಮವಾಗಿ ಉಸಿರಾಡುತ್ತದೆಯೆ? ಮೊದಲು ನೋಡಬೇಕಾದ ಬಾಬತ್ತು ಇದೇ.

2. ಹಸಿವು. ತಾನಾಗಿ ತಿನ್ನುತ್ತದೆಯೆ? ಕೈಯಿಂದ ತಿನ್ನಿಸಬೇಕೆ? ಮುದ್ದೆಯನ್ನು ಮೊಸರಿನಲ್ಲಿ ಕಲಸಿ, ಬೆಚ್ಚಗೆ ಮಾಡಿ ಕೊಟ್ಟರೂ ಮುಖ ತಿರುಗಿಸುತ್ತದೆಯೆ?

3. ನೀರು. ಬಟ್ಟಲಿನ ತನಕ ಹೋಗಿ ಕುಡಿಯುತ್ತದೆಯೆ? ಒಸಡು ತೇವವಾಗಿದೆಯೆ, ಅಂಟಂಟಾಗಿದೆಯೆ?

4. ಶುಚಿ. ಮಲಗಿದಲ್ಲೇ ಮಲಮೂತ್ರ ಮಾಡಿಕೊಳ್ಳುತ್ತದೆಯೆ? ನಾವು ಒರೆಸಿ, ಒಣ ಗೋಣಿ ಬದಲಿಸಿ, ಕೆಲವು ಗಂಟೆಗೊಮ್ಮೆ ಮಗ್ಗುಲು ತಿರುಗಿಸಲು ಸಾಧ್ಯವೆ? ಮೈಗೆ ಹುಣ್ಣಾಗಿದೆಯೆ? ಹುಣ್ಣಿಗೆ ಹುಳು ಬಿದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯದೆ ವೈದ್ಯರಿಗೆ ತೋರಿಸಬೇಕು.

5. ಗೆಲುವು. ಮನೆಯವರ ದನಿಗೆ ಬಾಲ ಆಡಿಸುತ್ತದೆಯೆ? ಟ್ರ್ಯಾಕ್ಟರ್ ಬಂದ ಸದ್ದಿಗೆ ತಲೆ ಎತ್ತುತ್ತದೆಯೆ?

6. ಓಡಾಟ. ಎದ್ದು ನಾಲ್ಕು ಹೆಜ್ಜೆ ಹೋಗಬಲ್ಲದೆ? ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದರೆ ನಡೆಯುತ್ತದೆಯೆ? ಮೂರು ಕಾಲಿನ ನಾಯಿಯೂ ಸಂತೋಷವಾಗಿರಬಹುದು, ಆದ್ದರಿಂದ ಇದೊಂದನ್ನೇ ನೋಡಿ ತೀರ್ಮಾನಿಸಬಾರದು.

7. ಒಳ್ಳೆಯ ದಿನಗಳ ಸಂಖ್ಯೆ. ಈ ತಿಂಗಳಲ್ಲಿ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚೋ ಕಡಿಮೆಯೋ?

ಒಟ್ಟು 70ರಲ್ಲಿ 35ಕ್ಕೆ ಮೇಲಿದ್ದರೆ ಆರೈಕೆ ಮುಂದುವರಿಸಬಹುದು ಎಂಬುದು ಆ ವೈದ್ಯೆಯ ಸೂಚನೆ. ಆದರೆ ಮೊತ್ತವನ್ನು ಮಾತ್ರ ನೋಡಿ ಕೂರಬಾರದು. ಉಸಿರಿಗೆ ಪರದಾಡುವ ನಾಯಿಗೆ ಉಳಿದ ಬಾಬತ್ತುಗಳಿಂದ 40 ಬಂದರೂ ಅದು ಸುಖದ ಬದುಕಲ್ಲ. ಹಾಗೆಯೇ, 'ಇನ್ನೂ ಊಟ ಮಾಡ್ತಿದೆ' ಎಂಬ ಒಂದೇ ಮಾತನ್ನು ಹಿಡಿದುಕೊಳ್ಳುವುದೂ ತಪ್ಪು. ಬಹಳ ನೋವಿನಲ್ಲೂ ತಿನ್ನುವ ನಾಯಿಗಳಿವೆ.

ಒಂದು ದಿನದ ಅಂಕ ಏನನ್ನೂ ಹೇಳುವುದಿಲ್ಲ. ಹಾಲಿನ ಲೆಕ್ಕ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲೇ ಒಳ್ಳೆಯ ದಿನಕ್ಕೊಂದು ಸುನ್ನೆ, ಕೆಟ್ಟ ದಿನಕ್ಕೊಂದು ಅಡ್ಡಗೀಟು ಹಾಕಿ. ವಾರಕ್ಕೊಮ್ಮೆ ಅಂಕ ಬರೆಯಿರಿ. ಮನೆಯಲ್ಲಿ ಇಬ್ಬರು ಬೇರೆಬೇರೆಯಾಗಿ ಬರೆದರೆ ಇನ್ನೂ ಒಳ್ಳೆಯದು. ಲೆಕ್ಕ ಆರಂಭಿಸುವ ಮೊದಲು, ಈ ನಾಯಿಗೆ ಚೆನ್ನಾಗಿದ್ದಾಗ ಯಾವ ಮೂರು ಕೆಲಸ ಇಷ್ಟವಾಗಿದ್ದವು ಎಂದು ಬರೆದಿಡಿ. ಒಂದಕ್ಕೆ ಕೋತಿ ಓಡಿಸುವುದು ಇಷ್ಟ, ಇನ್ನೊಂದಕ್ಕೆ ಯಜಮಾನನ ಹಿಂದೆ ಬೋರ್‌ವೆಲ್ ತನಕ ಹೋಗುವುದು ಇಷ್ಟ. ಮೂರರಲ್ಲಿ ಒಂದೂ ಉಳಿಯದ ದಿನ ಅಂಕಕ್ಕಿಂತ ಸ್ಪಷ್ಟವಾಗಿ ವಿಷಯ ತಿಳಿಯುತ್ತದೆ.

ಒಂದು ತೋಟದಲ್ಲಿ ಕಂಡದ್ದು

ದೊಡ್ಡಬಳ್ಳಾಪುರ ತಾಲ್ಲೂಕಿನ ಸದಸ್ಯರೊಬ್ಬರ ಮನೆಯಲ್ಲಿ ಈ ಲೆಕ್ಕ ನಡೆದುದನ್ನು ನಾವು ನೋಡಿದ್ದೇವೆ. ಹನ್ನೆರಡು ವರ್ಷದ ಕರಿಯ ಎಂಬ ನಾಯಿಗೆ ಹಿಂಗಾಲು ಸೋತಿದ್ದವು. ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಮಗ, 'ನೋಡೋಕಾಗಲ್ಲ ಅಪ್ಪ, ಇಂಜೆಕ್ಷನ್ ಕೊಡಿಸಿಬಿಡಿ' ಎನ್ನುತ್ತಿದ್ದ. ದಿನವೂ ಅದಕ್ಕೆ ಮುದ್ದೆ ಹಾಕುವ ಅಜ್ಜಿ, 'ಉಪ್ಪು ತಿಂದ ಪ್ರಾಣಿಯನ್ನು ಕೊಂದರೆ ಮನೆಗೆ ಒಳ್ಳೆಯದಾಗೋದಿಲ್ಲ' ಎಂದು ಪಟ್ಟು ಹಿಡಿದಿದ್ದರು. ನಡುವೆ ಸಿಕ್ಕ ನಮ್ಮ ಸದಸ್ಯರು ಎರಡು ವಾರ ಮನೆಯಲ್ಲಿ ಸರಿಯಾಗಿ ಊಟ ಮಾಡಿರಲಿಲ್ಲ.

ಮೊದಲ ವಾರದ ಅಂಕ: ನೋವು 3, ಹಸಿವು 6, ನೀರು 7, ಶುಚಿ 4, ಗೆಲುವು 5, ಓಡಾಟ 2, ಒಳ್ಳೆಯ ದಿನ 4. ಒಟ್ಟು 31. ಹಾಳೆಯನ್ನು ತೆಗೆದುಕೊಂಡು ವೈದ್ಯರಲ್ಲಿಗೆ ಹೋದರು. ಕೀಲುಗಳ ಸವೆತವೆಂದು ಗೊತ್ತಾಗಿ, ತೂಕಕ್ಕೆ ತಕ್ಕ ನೋವಿನ ಔಷಧಿ ಶುರುವಾಯಿತು. ಜಾರುವ ಸಿಮೆಂಟ್ ನೆಲದ ಮೇಲೆ ಗೋಣಿಚೀಲ ಹಾಸಿದರು. ಮೂರು ವಾರಗಳ ಮೇಲೆ ಅಂಕ 47ಕ್ಕೆ ಏರಿತು. ಕರಿಯ ಅಂಗಳ ದಾಟಿ ಅಡಿಕೆ ಕಣದವರೆಗೆ ಹೋಗಿ ಕೂರತೊಡಗಿತು. ಮಗನ ಮಾತು ಕೇಳಿದ್ದರೆ ಆ ದಿನಗಳು ಇರುತ್ತಿರಲಿಲ್ಲ.

ಐದು ತಿಂಗಳು ಹೀಗೆ ಕಳೆದವು. ಆಮೇಲೆ ಮೂತ್ರಪಿಂಡ ಸೋತಿತು. ನೋವು 3, ಹಸಿವು 3, ನೀರು 4, ಶುಚಿ 2, ಗೆಲುವು 2, ಓಡಾಟ 1, ಒಳ್ಳೆಯ ದಿನ 1. ಒಟ್ಟು 16. ಕ್ಯಾಲೆಂಡರಿನಲ್ಲಿ ಆ ತಿಂಗಳು ಅಡ್ಡಗೀಟುಗಳೇ ತುಂಬಿದ್ದವು. ಇನ್ನು ಮಾಡುವಂಥದ್ದು ಉಳಿದಿಲ್ಲವೆಂದು ವೈದ್ಯರು ಹೇಳಿದರು. ಆಗ ಮಾತೆತ್ತಿದವರು ಅಜ್ಜಿಯೇ. 'ನನ್ನ ಕಾಲಿನ ಸದ್ದಿಗೆ ಅದು ಕಣ್ಣು ತೆರೆದು ಎಂಟು ದಿನ ಆಯ್ತು. ಸಾಕು ಮಗಾ, ಅದನ್ನ ಇನ್ನು ಕಾಯಿಸಬೇಡ' ಎಂದರು. ವೈದ್ಯರು ತೋಟಕ್ಕೇ ಬಂದರು. ಅಜ್ಜಿ ಪಕ್ಕದಲ್ಲೇ ಕೂತಿದ್ದರು.

ಅದೇ ಮನೆಯಲ್ಲಿ ಐದು ತಿಂಗಳ ಹಿಂದೆ ಜಗಳವಾಗಿದ್ದ ವಿಷಯ ಕೊನೆಗೆ ಒಮ್ಮತಕ್ಕೆ ಬಂತು. ಕಾರಣ ಯಾರ ವಾದವೂ ಗೆದ್ದುದಲ್ಲ. ಎಲ್ಲರ ಕಣ್ಣೆದುರಿಗೂ ಒಂದೇ ಲೆಕ್ಕವಿತ್ತು.

ಪಾಪದ ಮಾತು

ಪ್ರಾಣ ಕೊಡಲಾರದವರು ಪ್ರಾಣ ತೆಗೆಯಬಹುದೆ ಎಂಬ ಪ್ರಶ್ನೆ ಹಗುರವಾದುದಲ್ಲ. ಆ ಅಜ್ಜಿಯಂಥವರನ್ನು ಮೂಢನಂಬಿಕೆಯವರೆಂದು ತಳ್ಳಿಹಾಕುವುದು ಸರಿಯಲ್ಲ. 1927ರಲ್ಲಿ ನಮ್ಮ ಪಕ್ಕದ ನಂದಿಬೆಟ್ಟದಲ್ಲಿ ತಂಗಿ ಆರೋಗ್ಯ ಸುಧಾರಿಸಿಕೊಂಡ ಗಾಂಧೀಜಿಯವರಿಗೆ ಮರುವರ್ಷವೇ ಈ ಪ್ರಶ್ನೆ ಎದುರಾಯಿತು. ಸಬರಮತಿ ಆಶ್ರಮದಲ್ಲಿ ಒಂದು ಕರು ಅಂಗವಿಕಲವಾಗಿ ಬಿದ್ದು, ಮಗ್ಗುಲು ತಿರುಗಿಸಲೂ ಆಗದಂತೆ ನರಳುತ್ತಿತ್ತು. ಉಪಚಾರವೆಲ್ಲ ನಡೆದಿತ್ತು, ವೈದ್ಯರು ಆಸೆಯಿಲ್ಲವೆಂದಿದ್ದರು. ಗಾಂಧೀಜಿ ಆಶ್ರಮದವರೊಡನೆ ಚರ್ಚಿಸಿದರು. ಒಪ್ಪದವರೂ ಇದ್ದರು. ಕೊನೆಗೆ ತಾವೇ ಎದುರಿಗಿದ್ದು ವೈದ್ಯರಿಂದ ಚುಚ್ಚುಮದ್ದು ಕೊಡಿಸಿದರು. ಎರಡು ನಿಮಿಷದೊಳಗೆ ಕರುವಿನ ನರಳಾಟ ಮುಗಿಯಿತು.

1928ರಲ್ಲಿ ಅವರು ಇದನ್ನು ತಮ್ಮ ಪತ್ರಿಕೆಗಳಲ್ಲಿ ಬಿಚ್ಚಿ ಬರೆದಾಗ ಸಿಟ್ಟಿನ ಪತ್ರಗಳ ಮಳೆಯೇ ಸುರಿಯಿತು. ಅದೇ ಬರಹದಲ್ಲಿ ಅವರು ಬೆಳೆ ತಿನ್ನುವ ಕೋತಿಗಳ ಮಾತನ್ನೂ ಎತ್ತಿದ್ದರು. ಕೋತಿಯನ್ನು ಕೊಂದರೆ ಅದು ನಮ್ಮ ಲಾಭಕ್ಕಾಗಿ, ಆದ್ದರಿಂದ ಹಿಂಸೆ. ಕರುವಿನ ವಿಷಯದಲ್ಲಿ ಕೊಲ್ಲುವವನಿಗೆ ಯಾವ ಲಾಭವೂ ಇಲ್ಲ, ಅದರ ನೋವು ಕೊನೆಗೊಳ್ಳಬೇಕೆಂಬುದೊಂದೇ ಉದ್ದೇಶ. ಈ ಭೇದವನ್ನು ಅವರು ಎತ್ತಿ ತೋರಿಸಿದರು.

ಬೆಳೆಗಾರರಾದ ನಮಗೆ ಇದು ನೆನಪಿರಬೇಕು. ಕಾಂಡಕೊರಕ ಹೊಕ್ಕ ಕಾಫಿ ಗಿಡವನ್ನು ಕಿತ್ತು ಸುಡಲು ನಮಗೆ ಅಳುಕಿಲ್ಲ, ಏಕೆಂದರೆ ಅಲ್ಲಿ ನೋಡುವುದು ತೋಟದ ಲಾಭವನ್ನು. ನಾಯಿಯ ವಿಷಯದಲ್ಲಿ ಆ ಲೆಕ್ಕವನ್ನು ತರಬಾರದು. ಬೊಗಳುವುದು ನಿಂತಿತು, ಇನ್ನು ಪ್ರಯೋಜನವಿಲ್ಲ ಎಂಬುದು ಕಾರಣವಲ್ಲ. ಔಷಧಿಯ ಖರ್ಚು ಭಾರವಾಗುತ್ತದೆ ಎಂಬುದಿದ್ದರೆ ಅದನ್ನು ವೈದ್ಯರಿಗೆ ನೇರವಾಗಿ ಹೇಳಿ. ಕಡಿಮೆ ಖರ್ಚಿನಲ್ಲಿ ನೋವು ತಗ್ಗಿಸುವ ದಾರಿ ಅನೇಕ ಸಲ ಇರುತ್ತದೆ. ತೀರ್ಮಾನಕ್ಕೆ ಮೊದಲು ಮನೆಯವರೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದು ಯಾರ ನೋವನ್ನು ಮುಗಿಸಲು? ನಾಯಿಯದ್ದೆಂದು ಲೆಕ್ಕದ ಹಾಳೆ ಹೇಳಿದರೆ ಅಳುಕಬೇಕಿಲ್ಲ.

ಕೊನೆಯ ಕೆಲಸವನ್ನು ಸರಿಯಾಗಿ ಮಾಡುವುದು

ಇದು ವೈದ್ಯರೇ ಮಾಡಬೇಕಾದ ಕೆಲಸ. ಮೊದಲು ಮಂಪರು ಬರುವ ಔಷಧಿ ಕೊಟ್ಟು, ಆಮೇಲೆ ಅರಿವಳಿಕೆಯ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ನಾಯಿ ಬೇಗನೆ ಎಚ್ಚರ ತಪ್ಪುತ್ತದೆ, ಆ ಬಳಿಕ ಉಸಿರೂ ಹೃದಯವೂ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು, ಒಂದೆರಡು ಸಲ ಮೈ ಅದುರಬಹುದು, ಮೂತ್ರ ಹೋಗಬಹುದು. ಇವು ನೋವಿನ ಗುರುತುಗಳಲ್ಲ. ಸಾಧ್ಯವಾದರೆ ಅದರ ಜಾಗದಲ್ಲೇ, ಅದಕ್ಕೆ ಬಳಕೆಯಾದವರ ಕೈ ಅದರ ತಲೆಯ ಮೇಲಿರುವಂತೆ ನಡೆಯಲಿ. ನೋಡುವ ಶಕ್ತಿ ಇಲ್ಲದವರು ದೂರವಿದ್ದರೆ ತಪ್ಪೇನಿಲ್ಲ.

ಕೀಟನಾಶಕ ಬೆರೆಸಿದ ಅನ್ನ ಹಾಕುವ ಕ್ರೂರ ಪದ್ಧತಿ ಅಲ್ಲಲ್ಲಿ ಇನ್ನೂ ಉಳಿದಿದೆಯೆಂದು ಕೇಳುತ್ತೇವೆ. ಆ ಸಾವು ಗಂಟೆಗಟ್ಟಲೆಯ ಸೆಳವು ಮತ್ತು ವಾಂತಿಯ ಸಾವು. ಕಾನೂನಿನಲ್ಲಿ ಅಪರಾಧ, ಮನೆಯ ಮಕ್ಕಳಿಗೂ ದನಗಳಿಗೂ ಅಪಾಯ. ನಮ್ಮ ಸದಸ್ಯರಲ್ಲಿ ಯಾರೂ ಆ ದಾರಿ ಹಿಡಿಯಬಾರದೆಂದು ಕೈಮುಗಿದು ಕೇಳುತ್ತೇವೆ.

ದೇಹವನ್ನು ಬಾವಿ, ಬೋರ್‌ವೆಲ್ಲುಗಳಿಂದ ದೂರದಲ್ಲಿ, ನಾಲ್ಕೈದು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು. ಕೆರೆ ಅಂಗಳಕ್ಕೋ ಹಳ್ಳಕ್ಕೋ ಎಸೆಯಬಾರದು. ಚುಚ್ಚುಮದ್ದಿನ ಔಷಧಿ ದೇಹದಲ್ಲಿ ಉಳಿದಿರುತ್ತದೆ, ಅದನ್ನು ತಿಂದ ಹದ್ದು, ನರಿ, ಬೇರೆ ನಾಯಿಗಳೂ ಸಾಯುತ್ತವೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧಿಯಿಂದ ದೇಶದ ರಣಹದ್ದುಗಳು ನಾಶವಾದ ಮೇಲೆ 2006ರಲ್ಲಿ ಜಾನುವಾರುಗಳಿಗೆ ಆ ಔಷಧಿಯನ್ನು ನಿಷೇಧಿಸಬೇಕಾಯಿತು. ನಮಗೆ ದೂರವಲ್ಲದ ರಾಮನಗರದ ರಾಮದೇವರ ಬೆಟ್ಟವನ್ನು ಉಳಿದ ರಣಹದ್ದುಗಳಿಗಾಗಿ 2012ರಲ್ಲಿ ಧಾಮವೆಂದು ಘೋಷಿಸಲಾಯಿತು.

ಕಾಳಿಯ ಕಲ್ಲು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಎಂಬ ಪ್ರಸಿದ್ಧ ಶಾಸನವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಇದರ ಕಾಲ ಕ್ರಿ.ಶ. 949–50. ಗಂಗರ ಇಮ್ಮಡಿ ಬೂತುಗನ ಬಳಿಯಿದ್ದ ಮಣಲೇರನೆಂಬ ವೀರ, ತನ್ನ ಪರಾಕ್ರಮಕ್ಕೆ ಮೆಚ್ಚಿದ ಒಡೆಯ ಏನು ಬೇಕೆಂದು ಕೇಳಿದಾಗ, ಕಾಳಿ ಎಂಬ ಬೇಟೆ ನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿ ಮತ್ತು ಹಂದಿಯ ಕಾಳಗದ ಕೆತ್ತನೆ ಈಗಲೂ ಆ ಕಲ್ಲಿನ ಮೇಲಿದೆ. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ತೋರಿಸಬೇಕಾದ ವಸ್ತು.

ಕಾಳಿ ಒಂದೇ ದಿನದ ಕಾಳಗದಲ್ಲಿ ಸತ್ತು ಹೆಸರು ಉಳಿಸಿಕೊಂಡಿತು. ನಮ್ಮ ತೋಟದ ನಾಯಿಗಳು ಹನ್ನೆರಡು ವರ್ಷ ರಾತ್ರಿ ನಿದ್ದೆಗೆಟ್ಟು, ಕೊನೆಗೆ ಕೊಟ್ಟಿಗೆಯ ಮೂಲೆಯಲ್ಲಿ ಸದ್ದಿಲ್ಲದೆ ಸೊರಗುತ್ತವೆ. ಅವುಗಳಿಗೆ ಕಲ್ಲು ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಒಣಗಿದ ಹಾಸಿಗೆ, ಬೆಚ್ಚನೆಯ ಮುದ್ದೆ, ಸಮಯಕ್ಕೆ ಔಷಧಿ, ಗೋಡೆಯ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗುರುತು, ಇಷ್ಟು ಸಾಕು.

ಏಳು ಬಾಬತ್ತಿನ ಹಾಳೆಯ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಗೊಬ್ಬರ, ಸುಣ್ಣ, ಮೈಲುತುತ್ತಕ್ಕೆ ಬಂದಾಗ ಕೇಳಿ ತೆಗೆದುಕೊಂಡು ಹೋಗಬಹುದು. ದನಿ ತಗ್ಗಿಸಿ ಕೇಳಬೇಕಾದ ಅಗತ್ಯವಿಲ್ಲ.